ಪ್ಯಾರಾ ಪಕ್ಕದಲ್ಲಿ ಪೆನ್ಸಿಲ್ ಸಾಲು

ಕೊಡಗಿನ ರೊಬಸ್ಟಾ ಕಾಫಿ ಮತ್ತು ಅದರ ಮೊಗ್ಗು ಅರಳಿಸುವ ಹೂಮಳೆ ಬಗ್ಗೆ ಎಂಎಸ್ಸಿ ಪ್ರಾಜೆಕ್ಟನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ವ್ಯಾಕರಣ ಸರಿಯಿತ್ತು. ಆದರೂ ಗೈಡ್, "ನಿನ್ನ ವಾದ ಎಲ್ಲಮ್ಮಾ?" ಎಂದು ವಾಪಸ್ ಕೊಡುತ್ತಿದ್ದರು.

ಕೊನೆಗೆ ಪ್ರಿಂಟ್ ತೆಗೆದು, ಪ್ರತಿ ಪ್ಯಾರಾ ಪಕ್ಕ ಅದು ಏನು ಹೇಳುತ್ತದೆ ಎಂದು ಪೆನ್ಸಿಲಿನಲ್ಲಿ ಒಂದೇ ಸಾಲು ಬರೆದೆ, ಕನ್ನಡದಲ್ಲೇ. ಒಂದರಲ್ಲಂತೂ ಹೂಮಳೆ, ಸ್ಪ್ರಿಂಕ್ಲರ್, ಕಾಫಿ ಬೆಲೆ ಮೂರೂ ತುಂಬಿದ್ದವು! ಬಿಡಿಸಿ ಬೇರೆ ಮಾಡಿದೆ. ಈಗ ಮೊದಲ ವಾಕ್ಯವೇ ವಾದ: ಹೂ ಅರಳಿದಾಗ ಜೋರು ಮಳೆ ಬಿದ್ದರೆ ಕಾಯಿ ಕಟ್ಟುವುದು ಕಡಿಮೆಯಾಗಬಹುದು. ಆಮೇಲೆ ಕಾರಣ: ಅರೇಬಿಕಾ ಕಾಫಿಯಂತಲ್ಲ, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಗಾಳಿ, ಜೇನು ತರಬೇಕು. ಅದರ ಬೆನ್ನಿಗೇ ಆಕರ. ಒಂದು ತೋಟ ನೋಡಿ ಇಡೀ ಕೊಡಗಿಗೆ ತೀರ್ಪು ಕೊಡೋಕಾಗಲ್ಲ ಅಲ್ವಾ, ಅದಕ್ಕೇ 'ಬಹುದು'.

ಪೀಠಿಕೆಯನ್ನು ಎಲ್ಲಾ ಮುಗಿದ ಮೇಲೆ ಬರೆದೆ.