ಮೂಳೆ ಇದ್ಯಾ ಇಲ್ವಾ? ಸ್ವಾಂಪ್ ಥಿಂಗ್‌ನ ಐದು ಸಲ ಬಿಡಿಸಿ ನೋಡಿದ್ದು

ನಾನು ಹೊಟ್ಟೆಪಾಡಿಗೆ ಜಾಹೀರಾತಿನೋರಿಗೆ ಸ್ಟೋರಿಬೋರ್ಡ್ ಮಾಡ್ಕೊಡೋನು. ಮಳೆಗಾಲ ಬಂತು ಅಂದ್ರೆ ಔಟ್‌ಡೋರ್ ಶೂಟಿಂಗ್ ಕಮ್ಮಿ, ನಮಗೂ ಕೆಲಸ ಕಮ್ಮಿ. ಹೋದ ವರ್ಷ ಹಂಗೇ ಖಾಲಿ ಕೂತಾಗ ಒಂದು ಹುಚ್ಚು ಹತ್ತಿತು. ಒಂದೇ ದೃಶ್ಯ ತಗೊಳೋದು: ರಾತ್ರಿ, ಮೊಣಕಾಲು ಮಟ್ಟದ ನೀರು, ಅದರಿಂದ ಸ್ವಾಂಪ್ ಥಿಂಗ್, ಅಂದ್ರೆ ಅಮೆರಿಕದ ಕಾಮಿಕ್ಸ್‌ನ ಗಿಡದ ಮೈಯ ರಾಕ್ಷಸ, ಎದ್ದು ನಮ್ ಕಡೆ ತಿರುಗ್ತಾನೆ, ಅಷ್ಟೇ. ಅದನ್ನ ಬೇರೆ ಬೇರೆ ಕಾಲದ ಕಲಾವಿದರು ಹೆಂಗೆ ನೋಡಿದ್ರೋ ಹಂಗೆ ಒಂದೊಂದು ಎ-3 ಹಾಳೇಲಿ ಬಿಡಿಸೋದು, ಬಣ್ಣ ಇಲ್ಲ, ಕಪ್ಪು ಇಂಕ್ ಮಾತ್ರ. ನಕಲು ಹೊಡೆಯೋದಲ್ಲ, ಅವರ ತಲೆ ಹೆಂಗೆ ಓಡಿತ್ತು ಅಂತ ಕೈಯಿಂದ ತಿಳ್ಕೊಳೋದು. ಹದಿನೈದು ದಿನದಲ್ಲಿ ಮುಗಿಯತ್ತೆ ಅನ್ಕೊಂಡಿದ್ದೆ, ದೀಪಾವಳಿ ಬಂದ್ರೂ ಮುಗೀಲಿಲ್ಲ.

ಮೊದಲನೇದು ಬರ್ನಿ ರೈಟ್‌ಸನ್. ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ ಹೇಳ್ಬಿಡ್ತೀನಿ. 1971ರಲ್ಲಿ ಡಿಸಿ ಅನ್ನೋ ಕಾಮಿಕ್ಸ್ ಕಂಪನಿಯವರ ಹೌಸ್ ಆಫ್ ಸೀಕ್ರೆಟ್ಸ್ ಪತ್ರಿಕೆಯ 92ನೇ ಸಂಚಿಕೇಲಿ ಲೆನ್ ವೀನ್ ಬರೆದು ರೈಟ್‌ಸನ್ ಚಿತ್ರ ಮಾಡಿದ ಒಂದು ಪುಟ್ಟ ದೆವ್ವದ ಕಥೆ ಬಂತು, ಅದರಲ್ಲಿ ಇವನ ಹೆಸರು ಅಲೆಕ್ಸ್ ಓಲ್ಸನ್, ಕಾಲ 20ನೇ ಶತಮಾನದ ಶುರು. ಜನಕ್ಕೆ ಹಿಡಿಸ್ತು ಅಂತ 1972ರಲ್ಲಿ ಅವನದೇ ಪತ್ರಿಕೆ ಶುರು ಮಾಡಿದ್ರು, ಕಥೇನ ಆಗಿನ ಕಾಲಕ್ಕೆ ತಂದ್ರು, ಹೆಸರು ಅಲೆಕ್ ಹಾಲೆಂಡ್ ಆಯ್ತು: ಲೂಯಿಸಿಯಾನದ ಜೌಗಿನ ಪಕ್ಕ ಲ್ಯಾಬ್ ಇಟ್ಕೊಂಡಿರೋ ವಿಜ್ಞಾನಿ, ಬಾಂಬ್ ಸಿಡಿಯತ್ತೆ, ಮೈಗೆ ಬೆಂಕಿ ಹತ್ಕೊಂಡು ಓಡಿಹೋಗಿ ನೀರಿಗೆ ಬೀಳ್ತಾನೆ, ರಾಕ್ಷಸನಾಗಿ ಎದ್ದು ಬರ್ತಾನೆ. ರೈಟ್‌ಸನ್ ಮಾಡಿದ್ದು ಮೊದಲ ಹತ್ತೇ ಸಂಚಿಕೆ. ಇವತ್ತಿಗೂ ಯಾರಾದ್ರೂ ಸ್ವಾಂಪ್ ಥಿಂಗ್ ಅಂದ್ರೆ ನನ್ನ ಕಣ್ಮುಂದೆ ಬರೋದು ಆ ಬೆನ್ನು, ಆ ಹುಬ್ಬು.

ನಾನು ಮಾಡಿದ ಮೊದಲ ತಪ್ಪು ಏನು ಅಂದ್ರೆ ನೇರ ಬೇರು, ಬಳ್ಳಿ, ಪಾಚಿ ಬಿಡಿಸೋಕೆ ಶುರು ಮಾಡಿದ್ದು. ಎರಡು ಹಾಳೆ ಹಾಳಾಯ್ತು, ನೋಡಿದ್ರೆ ತೆಂಗಿನ ನಾರಿನ ಗುಡ್ಡೆ ಥರ ಕಾಣ್ತಿತ್ತು, ಅದರಲ್ಲಿ ಜೀವಾನೇ ಇಲ್ಲ. ಆಮೇಲೆ ಮೂಲ ಪುಟಗಳನ್ನ ಜೂಮ್ ಮಾಡಿ ಮಾಡಿ ನೋಡ್ದಾಗ ಗೊತ್ತಾಯ್ತು, ರೈಟ್‌ಸನ್ ಮೊದಲು ಒಬ್ಬ ಪೈಲ್ವಾನನ್ನ ಇಡ್ತಾನೆ. ಎದೆ, ಭುಜ, ತೊಡೆ, ಪಕ್ಕೆಲುಬು ಎಲ್ಲ ಸರಿಯಾದ ಜಾಗದಲ್ಲೇ ಇರತ್ತೆ, ಗಿಡ ಅನ್ನೋದು ಅದರ ಮೇಲೆ ಹೊದಿಸಿರೋ ಚರ್ಮ. ಸರಿ, ನಾನೂ ಹಂಗೇ ಮಾಡ್ದೆ, ಪೆನ್ಸಿಲ್‌ನಲ್ಲಿ ಬರೀ ಮನುಷ್ಯನ ಮೈ, ಬೆಳಕು ಒಂದೇ ಪಕ್ಕದಿಂದ, ಇನ್ನೊಂದು ಪಕ್ಕ ಪೂರ್ತಿ ಕಪ್ಪು ಬ್ರಶ್‌ನಲ್ಲಿ ತುಂಬಿ, ಕೊನೇಗೆ ಕಣ್ಣು. ಕಣ್ಣು ಮಾತ್ರ ಮನುಷ್ಯಂದೇ ಇರ್ಬೇಕು, ಆಗ್ಲೇ ಒಳಗೆ ಯಾರೋ ಸಿಕ್ಕಿಹಾಕ್ಕೊಂಡಿದಾನೆ ಅನ್ಸೋದು. ಆ ಹಂತದ ಕಥೇನೂ ಅದೇ ಅಲ್ವಾ, ನಾನು ಮನುಷ್ಯ, ಹೆಂಗಾದ್ರೂ ವಾಪಸ್ ಮನುಷ್ಯ ಆಗ್ಬೇಕು ಅಂತ ಒದ್ದಾಡೋದು. ರೈಟ್‌ಸನ್ ಆದ್ಮೇಲೆ ಬಂದ ಫಿಲಿಪೀನ್ಸ್‌ನ ನೆಸ್ಟರ್ ರೆಡೊಂಡೋ ಗೆರೆ ಇನ್ನೂ ಚಂದ, ಸ್ವಲ್ಪ ಜಾಸ್ತೀನೇ ಚಂದ, ನನಗೆ ಭಯ ಆಗ್ಲಿಲ್ಲ, ಬಿಟ್ಟುಬಿಟ್ಟೆ.

ಎರಡನೇ ಹಾಳೆ ಸಿನಿಮಾದ್ದು. 1982ರಲ್ಲಿ ವೆಸ್ ಕ್ರೇವನ್ ಮಾಡಿದ್ದು, ರಬ್ಬರ್ ಸೂಟ್ ಒಳಗೆ ಇದ್ದಿದ್ದು ಸ್ಟಂಟ್‌ಮ್ಯಾನ್ ಡಿಕ್ ಡ್ಯೂರಾಕ್. ಸೂಟ್ ಮಡಿಕೆ ಬೀಳೋದನ್ನ ಹಂಗೇ ಬಿಡಿಸ್ದೆ, ತಮಾಷೆಯಾಗಿ ಬಂತು, ಅರ್ಧ ದಿನದಲ್ಲಿ ಮುಗೀತು. ಆದ್ರೆ ಒಂದು ಮಾತು, ಆ ಮನುಷ್ಯ 1989ರ ಎರಡನೇ ಸಿನಿಮಾ, ಆಮೇಲೆ 1990ರಿಂದ 93ರವರೆಗೆ ಟಿವಿ ಸೀರಿಯಲ್ ಎಲ್ಲದರಲ್ಲೂ ಆ ಸೂಟ್ ಹಾಕ್ಕೊಂಡು ಬೆವರು ಸುರಿಸಿದಾನೆ, ನಗೋ ಮುಂಚೆ ಅದು ನೆನಪಿರ್ಲಿ.

ನಿಜವಾದ ಪಜೀತಿ ಶುರುವಾಗಿದ್ದು ಮೂರನೇದಕ್ಕೆ. 1984ರ ಶುರೂಲಿ ಅಲನ್ ಮೂರ್ ಬರೆಯೋಕೆ ಬಂದು ಎರಡನೇ ಸಂಚಿಕೇಲೇ, ಅಂದ್ರೆ 21ನೇದ್ರಲ್ಲಿ, ಇಡೀ ಪಾತ್ರದ ಬುಡ ಕಿತ್ತು ಬೇರೆ ಕಡೆ ನೆಟ್ಬಿಟ್ಟ. ಗುಂಡೇಟು ತಿಂದ ಸ್ವಾಂಪ್ ಥಿಂಗ್ ಹೆಣಾನ ಫ್ರೀಜ್ ಮಾಡಿ ಇಟ್ಟಿರ್ತಾರೆ, ವುಡ್‌ರೂ ಅನ್ನೋ ವಿಲನ್ ಅದನ್ನ ಕೊಯ್ದು ನೋಡ್ತಾನೆ. ಶ್ವಾಸಕೋಶದ ಥರ ಏನೋ ಇದೆ, ಆದ್ರೆ ಉಸಿರಾಡೋಕೆ ಬರಲ್ಲ. ಮಿದುಳಿನ ಥರಾನೂ ಇದೆ, ಅದೂ ಉಪಯೋಗಕ್ಕಿಲ್ಲ. ಯಾಕಂದ್ರೆ ಅಲೆಕ್ ಹಾಲೆಂಡ್ ಅವತ್ತೇ ಸತ್ತೋಗಿದಾನೆ, ಇದು ತಾನು ಹಾಲೆಂಡ್ ಅಂತ ನಂಬಿಕೊಂಡಿರೋ ಗಿಡ. ಮನುಷ್ಯ ವಾಪಸ್ ಮನುಷ್ಯ ಆಗ್ತಾನಾ ಅಂತ ಹನ್ನೆರಡು ವರ್ಷ ಕಾದ ಓದುಗರಿಗೆ, ಅಲ್ಲಿ ಮನುಷ್ಯಾನೇ ಇಲ್ಲ ಕಣ್ರಪ್ಪ ಅಂತ ಹೇಳಿದ ಹಂಗಾಯ್ತು. ಪೆನ್ಸಿಲ್ ಸ್ಟೀಫನ್ ಬಿಸೆಟ್, ಇಂಕ್ ಜಾನ್ ಟೋಟ್ಲ್‌ಬೆನ್.

ನಾನು ಬಿಡಿಸಿದ್ದು ಚೆನ್ನಾಗೇ ಬಂದಿದೆ ಅನ್ಕೊಂಡು ಚೌತಿಗೆ ಊರಿಗೆ, ಸಿದ್ದಾಪುರದ ಕಡೆ, ಹೋಗೋವಾಗ ಹಾಳೆ ಸುತ್ಕೊಂಡು ಹೋಗಿದ್ದೆ. ದೊಡ್ಡಪ್ಪ ಕನ್ನಡಕ ಏರಿಸ್ಕೊಂಡು ನೋಡಿ, "ತಮಾ, ಎಂತದಾ ಇದು? ಇದ್ಕೆ ಮೂಳೆ ಇದ್ದಾ?" ಅಂತ ಕೇಳಿದ್ರು. ಇಲ್ಲ, ಪೂರ್ತಿ ಗಿಡ ಅಂದೆ. "ಮೂಳೆ ಇಲ್ಲೆ ಅಂದ್ರೆ ಭುಜ ಎಂತಕ್ಕೆ ಬಂತು ಹಂಗರೆ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಕಾಮಿಕ್ಸ್ ಮುಖಾನೇ ನೋಡದ ಮನುಷ್ಯ ಒಂದೇ ಪ್ರಶ್ನೇಲಿ ವುಡ್‌ರೂ ಮಾಡಿದ ಪೋಸ್ಟ್‌ಮಾರ್ಟಮ್ ಮಾಡ್ಬಿಟ್ರು. ನಾನು ರೈಟ್‌ಸನ್‌ನ ಪೈಲ್ವಾನನ್ನೇ ಒಳಗಿಟ್ಟು ಮೇಲೆ ಜಾಸ್ತಿ ಎಲೆ ಅಂಟಿಸಿದ್ದೆ ಅಷ್ಟೇ.

ಮಾರನೇ ದಿನ ಕತ್ತಲೆಕಾನಿಗೆ ಹೋದೆ. ಅಲ್ಲಿ ರಾಮಪತ್ರೆ ಮರಗಳ ಜಡ್ಡಿ ಇದೆ, ಕಾಡಿನ ನಡುವೆ ವರ್ಷಪೂರ್ತಿ ಕೆಸರು ನೀರು ನಿಂತಿರೋ ಜಾಗ. ಕೆಸರಲ್ಲಿ ಗಾಳಿ ಸಿಗಲ್ಲ ಅಂತ ಬೇರುಗಳೇ ಉಸಿರಾಡೋಕೆ ಮೇಲೆ ಬರತ್ತೆ, ಮೊಣಕಾಲು ಮಡಚಿದ ಹಂಗೆ ಕೆಸರಿಂದ ಎದ್ದು, ಬಾಗಿ, ಮತ್ತೆ ಕೆಸರೊಳಗೆ ಹೋಗತ್ತೆ. ಇನ್ನು ಕೆಲವು ಮರ ಊರುಗೋಲು ಥರದ ಬೇರಿನ ಮೇಲೆ ನಿಂತಿರತ್ತೆ. ಕಾಲಿಗೆ ಇಂಬಳ ಹತ್ತಿ ರಕ್ತ ಸುರೀತಿದ್ರೂ ಅಲ್ಲೇ ಕೂತು ಸ್ಕೆಚ್ ಮಾಡ್ದೆ, ಮಳೆಗೆ ಅರ್ಧ ಪುಸ್ತಕ ಒದ್ದೆ ಆಯ್ತು, ಇಂಬಳ ಕಿತ್ತ ಗಾಯ ಒಂದು ವಾರ ತುರಿಸ್ತಿತ್ತು. ಅಲ್ಲಿ ಗೊತ್ತಾಗಿದ್ದು, ಗಿಡ ನಿಲ್ಲಲ್ಲ, ಬೆಳೀತಾ ಇರತ್ತೆ. ಭಾರ ಎಲುಬಿನಿಂದ ಕೆಳಗೆ ಇಳಿಯೋದಲ್ಲ, ನೆಲದಿಂದ ಮೇಲೆ ತಳ್ಕೊಂಡು ಬರೋದು. ಆಮೇಲೆ ಬಿಡಿಸಿದ ಹಾಳೇಲಿ ಕಾಲಿನಿಂದ ಶುರು ಮಾಡಿ ಮೇಲಕ್ಕೆ ಹೋದೆ, ಭುಜದ ಗೆರೆ ಎಳೆದೇ ಇಲ್ಲ, ಬಳ್ಳಿ ಎಲ್ಲಿ ದಪ್ಪ ಆಗತ್ತೋ ಅಲ್ಲಿ ಭುಜ ಅನ್ನಿಸ್ಲಿ ಅಂತ. ಬ್ರಶ್ ಬಿಟ್ಟು ನಿಬ್‌ನಲ್ಲಿ ಚುಕ್ಕಿ ಚುಕ್ಕಿ, ಟೋಟ್ಲ್‌ಬೆನ್ ಥರ, ಒಂದು ಕೈ ಮುಗಿಸೋಕೆ ಎರಡು ದಿನ. ಮೋಸ ಏನೂ ಅಲ್ಲ ಇದು, ಮೂರ್ ಕಥೇಲಿ ಅವನು ಒಂದು ಮೈ ಹೋದ್ರೆ ಇನ್ನೆಲ್ಲಾದ್ರೂ ಹೊಸದಾಗಿ ಮೊಳಕೆ ಒಡೀತಾನೆ, ಎಲ್ಲಿ ಹುಟ್ಟಿದ್ನೋ ಅಲ್ಲಿನ ಗಿಡವೇ ಅವನ ಮೈ. ಹಂಗಂದ್ಮೇಲೆ ನಮ್ಮ ಜಡ್ಡೀಲಿ ಯಾಕೆ ಹುಟ್ಬಾರ್ದು.

ಮಾತಿನ ವಿಷ್ಯಾನೂ ಹೇಳ್ಬೇಕು. ಮೂರ್ ಕಾಲದಲ್ಲಿ ಅವನು ಮಾತಾಡೋದು ಚುಕ್ಕಿ ಚುಕ್ಕಿ ಇಟ್ಕೊಂಡು, ನಿಧಾನಕ್ಕೆ, ಮರ ಮಾತಾಡಿದ ಹಂಗೆ. ಸುಮ್ನೆ ಇರ್ಲಿ ಅಂತ ಕನ್ನಡದಲ್ಲಿ ಒಂದು ಮಾತಿನ ಬಲೂನ್ ಬರೆದೆ, "ನಾನು... ಮನುಷ್ಯ... ಅಲ್ಲ" ಅಂತ. ಕನ್ನಡದಲ್ಲಿ ಅಲ್ಲ ಅನ್ನೋದು ಕೊನೇಲಿ ಬರೋದ್ರಿಂದ ಎರಡು ಚುಕ್ಕಿ ಸಾಲಿನವರೆಗೂ ಅವನು ಮನುಷ್ಯಾನೇ ಆಗಿರ್ತಾನೆ, ಕೊನೇ ಪದದಲ್ಲಿ ಬಿದ್ದೋಗ್ತಾನೆ. ಇಂಗ್ಲಿಷ್‌ನಲ್ಲಿ ಈ ಮಜಾ ಸಿಗಲ್ಲ.

ನಾಲ್ಕನೇದು 2011ರ ಸ್ಕಾಟ್ ಸ್ನೈಡರ್ ಮತ್ತೆ ಯಾನಿಕ್ ಪಕೆಟ್. ಇವರು ಮೂರ್ ಮಾಡಿದ್ದನ್ನ ಒಂದು ಸುತ್ತು ತಿರುಗಿಸಿದ್ರು, ಅಲೆಕ್ ಹಾಲೆಂಡ್ ನಿಜವಾಗಿಯೂ ಬದುಕಿ ಬಂದಿದಾನೆ, ಗಿಡಗಳ ಪರವಾಗಿ ಕೊಳೆತದ ವಿರುದ್ಧ ಯುದ್ಧ ಮಾಡು ಅಂತ ಅವನ ಬೆನ್ನು ಬಿದ್ದಿದಾರೆ. ಕೊನೇಗೆ ಅವನು ಒಪ್ಕೊಂಡಾಗ ಕೊಂಬು, ರೆಕ್ಕೆ ಎಲ್ಲ ಬರತ್ತೆ, ನೋಡೋಕೆ ಯುದ್ಧಕ್ಕೆ ಹೊರಟ ರಾಜ. ಪಕೆಟ್ ಪ್ಯಾನೆಲ್ ಗೆರೆಗಳೇ ಬಳ್ಳಿ ಆಗಿ ಪುಟ ತುಂಬಾ ಹರಡ್ಕೊಳೋದು ನೋಡಿ ಹೊಟ್ಟೆ ಉರೀತು. ಬಿಡಿಸೋಕೆ ಭಾರಿ ಖುಷಿ ಆಯ್ತು, ಆದ್ರೆ ಹೀರೋ ಆದಷ್ಟೂ ಅವನು ನನಗೆ ದೂರ ಆದ. ರೆಕ್ಕೆ ಇರೋನಿಗೆ ಕೆಸರಿನ ಹಂಗ್ಯಾಕೆ?

2019ರ ಟಿವಿ ಸರಣೀನೂ ಲೆಕ್ಕಕ್ಕಿತ್ತು, ಡೆರೆಕ್ ಮಿಯರ್ಸ್ ಹಾಕ್ಕೊಂಡ ಸೂಟ್ ಅದ್ಭುತ. ಆದ್ರೆ ಮೊದಲ ಕಂತು ಬಂದು ಒಂದು ವಾರದೊಳಗೆ ಸರಣಿ ರದ್ದು ಅಂದ್ರು, ಹತ್ತೇ ಕಂತು. ಬೇಜಾರಲ್ಲಿ ಅದನ್ನ ಬಿಡಿಸ್ಲೇ ಇಲ್ಲ.

ಐದನೇದು 2021ರದ್ದು. ಬರೆದೋನು ನಮ್ಮ ದೇಶದ ರಾಮ್ ವಿ, ಚಿತ್ರ ಮೈಕ್ ಪರ್ಕಿನ್ಸ್, ನಾಯಕ ಹಾಲೆಂಡ್ ಅಲ್ಲವೇ ಅಲ್ಲ, ಭಾರತದಲ್ಲಿ ಹುಟ್ಟಿದ ಲೆವಿ ಕಾಮೆ. ಇವನಿಗೆ ಮೈ ಬದಲಾಗೋದು ತನ್ನ ಹಿಡಿತದಲ್ಲಿಲ್ಲ. ಬಿಡಿಸೋನಿಗೆ ಅದರರ್ಥ ಏನು ಅಂದ್ರೆ ಮೂಳೆ ಒಮ್ಮೆ ಇರತ್ತೆ ಒಮ್ಮೆ ಇರಲ್ಲ. ಅದಕ್ಕೆ ಎಡಗಡೆ ಪಕ್ಕೆಲುಬು ಕಾಣೋ ಹಂಗೆ ಬ್ರಶ್‌ನಲ್ಲಿ, ಬಲಗಡೆ ಬರೀ ಬೇರು ನಿಬ್‌ನಲ್ಲಿ ಮಾಡ್ದೆ, ನಡುವೆ ಎರಡೂ ಸೇರೋ ಜಾಗ ಮೂರು ಸಲ ವೈಟ್ ಹಾಕಿ ತಿದ್ದಿದ್ರೂ ಕೂತಿಲ್ಲ, ಹಂಗೇ ಬಿಟ್ಟಿದೀನಿ.

ಜಡ್ಡಿಯ ಹಾಳೇನ ಮಾತ್ರ ದೊಡ್ಡಪ್ಪ ಫ್ರೇಮ್ ಹಾಕಿಸಿ ಜಗಲೀಲಿ ನೇತುಹಾಕಿದಾರೆ. ಅಡಿಕೆ ನೋಡೋಕೆ ಬಂದೋರು ಒಂದ್ನಿಮಿಷ ನಿಂತು ನೋಡ್ತಾರಂತೆ. ಮೇಲಿರೋದು ಯಾರು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ, ಕೆಳಗಿರೋದು ರಾಮಪತ್ರೆ ಬೇರು ಅಂತ ಮಾತ್ರ ಎಲ್ಲರೂ ಹೇಳ್ತಾರೆ.