ಚಿಕ್ಕೋಡಿ ಕ್ಷೇತ್ರದ ಚರಿತ್ರೆಯನ್ನು ನಾನು ಕಟ್ಟಿದ ಬಗೆ

ಲೋಕಸಭಾ ಕ್ಷೇತ್ರದ ಚರಿತ್ರೆ ಎಂದರೆ ಗೆದ್ದವರ ಪಟ್ಟಿ ಎಂದು ಭಾವಿಸುವವರೇ ಹೆಚ್ಚು. ಆ ಪಟ್ಟಿ ಚುನಾವಣಾ ಆಯೋಗದ ವರದಿಗಳಲ್ಲಿ ಸಿಗುತ್ತದೆ. ಬರೆದುಕೊಳ್ಳಲು ಒಂದು ಸಂಜೆ ಸಾಕು. ನನಗೆ ಬೇಕಾಗಿದ್ದದ್ದು ನಮ್ಮ ಹಳ್ಳಿಗಳ ಮತದಾರರ ಕಥೆ. ಅದಕ್ಕಾಗಿ ಹೆಸರುಗಳನ್ನು ಬದಿಗಿಟ್ಟು ಮೊದಲು ನಕಾಶೆ ಬಿಚ್ಚಿದೆ.

1952ರಲ್ಲಿ ನಾವು ಮುಂಬೈ ರಾಜ್ಯದಲ್ಲಿದ್ದೆವು. ಚಿಕ್ಕೋಡಿ ಹೆಸರಿನ ಕ್ಷೇತ್ರವೇ ಇರಲಿಲ್ಲ; ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ ಎಂದಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ನಂತರ, 1957ರಲ್ಲಿ, ಮೈಸೂರು ರಾಜ್ಯದ ಚಿಕ್ಕೋಡಿಯಿಂದ ಪರಿಶಿಷ್ಟ ಜಾತಿಗಳ ಒಕ್ಕೂಟದ ದತ್ತಾ ಅಪ್ಪಾ ಕಟ್ಟಿ ಗೆದ್ದರು. ಅಂಬೇಡ್ಕರರು ಕಟ್ಟಿದ ಪಕ್ಷದವರನ್ನು ನಮ್ಮ ಭಾಗದ ಜನ ಸಂಸತ್ತಿಗೆ ಕಳಿಸಿದ್ದರು ಎಂಬುದು ಇಂದಿನ ಎಷ್ಟು ತರುಣರಿಗೆ ಗೊತ್ತು?

1967ರಿಂದ 2004ರ ಚುನಾವಣೆಯವರೆಗೆ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 2008ರ ಕ್ಷೇತ್ರಗಳ ಪುನರ್ವಿಂಗಡಣೆಯಲ್ಲಿ ಅದು ಸಾಮಾನ್ಯವಾಯಿತು, ಮೀಸಲಾತಿ ವಿಜಯಪುರಕ್ಕೆ ಹೋಯಿತು. ರಮೇಶ ಜಿಗಜಿಣಗಿ ಇಲ್ಲಿ 1998, 1999, 2004ರಲ್ಲಿ ಮೂರು ಬೇರೆ ಬೇರೆ ಪಕ್ಷಗಳಿಂದ ಗೆದ್ದಿದ್ದರು. 2009ರಿಂದ ವಿಜಯಪುರದಲ್ಲಿ ಗೆಲ್ಲುತ್ತಾ ಬಂದಿದ್ದಾರೆ. ಅವರು ಕ್ಷೇತ್ರ ಬಿಟ್ಟದ್ದು ಇಲ್ಲಿನ ಜನ ಸೋಲಿಸಿದ್ದರಿಂದಲ್ಲ. ನಮ್ಮ ಪ್ರತಿನಿಧಿ ಯಾರಾಗಬಹುದು ಎಂಬುದನ್ನು ಮತಕ್ಕಿಂತ ಮೊದಲೇ ನಕಾಶೆಯ ಗೆರೆ ಅರ್ಧ ತೀರ್ಮಾನಿಸಿರುತ್ತದೆ. ಪಟ್ಟಿಯನ್ನಷ್ಟೇ ಓದುವವರಿಗೆ ಇದು ಕಾಣುವುದಿಲ್ಲ.

ನಕಾಶೆ ಮುಗಿದ ಮೇಲೆ ಊರೂರು ತಿರುಗಿದೆ. ಅಥಣಿ, ರಾಯಬಾಗ, ಕಾಗವಾಡದ ಕಡೆ ಹಿರಿಯರ ಮುಂದೆ ಇಸವಿ ಹೇಳಿ ಕೇಳಿದರೆ ಮಾತು ಹೊರಡುವುದಿಲ್ಲ. ಚಿಹ್ನೆ ಹೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಂಗ್ರೆಸ್ಸಿನ ಚಿಹ್ನೆಗಳನ್ನೇ ತೆಗೆದುಕೊಳ್ಳಿ: ಜೋಡೆತ್ತು ಎಂದರೆ 1967 ಮತ್ತು ಅದಕ್ಕೂ ಹಿಂದಿನದು. ಆಕಳು-ಕರು ಎಂದರೆ 1971 ಅಥವಾ 1977. ಕೈ ಎಂದರೆ 1980 ಮತ್ತು ಮುಂದೆ. ಬಿ. ಶಂಕರಾನಂದ ಈ ಮೂರೂ ಚಿಹ್ನೆಗಳ ಮೇಲೆ ಗೆದ್ದವರು. 1967ರಿಂದ 1991ರವರೆಗೆ ಸತತ ಏಳು ಸಲ. ಜಾತ್ರೆ, ಬರ, ಮಗಳ ಮದುವೆ, ಹೊಳೆ ಉಕ್ಕಿದ ವರ್ಷ ಎಲ್ಲವನ್ನೂ ಚಿಹ್ನೆಯ ಪಕ್ಕದಲ್ಲಿಟ್ಟು ಬರೆದುಕೊಂಡರೆ ಕಾಲ ತಕ್ಕಮಟ್ಟಿಗೆ ಹೊಂದುತ್ತದೆ. ಇತಿಹಾಸ ಬರೆಯಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ: ಇಸವಿ ಕೇಳಬೇಡಿ, ಗುರುತು ಕೇಳಿ.

ನಿಪ್ಪಾಣಿ ಭಾಗದಲ್ಲಿ ಮಾತ್ರ 1981 ತಾನಾಗಿಯೇ ಬಾಯಿಗೆ ಬರುತ್ತದೆ. ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು, ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಇಂಥ ಘಟನೆಯಾದಾಗ ನಮ್ಮವರು ದೆಹಲಿಯಲ್ಲಿ ಏನು ಮಾತನಾಡಿದರು ಎಂದು ಲೋಕಸಭೆಯ ಕಲಾಪದ ದಾಖಲೆಯಲ್ಲಿ ಹುಡುಕುವುದು ನಾನು ರೂಢಿಸಿಕೊಂಡ ಕ್ರಮ. ಪ್ರಾತಿನಿಧ್ಯವನ್ನು ಅಳೆಯಬೇಕಾದದ್ದು ಅಲ್ಲಿ, ಗೆಲುವಿನ ಅಂತರದಲ್ಲಲ್ಲ.

ಮತಗಟ್ಟೆವಾರು ಲೆಕ್ಕಕ್ಕೆ ನಮೂನೆ 20, ಅಂದರೆ ಅಂತಿಮ ಫಲಿತಾಂಶದ ಹಾಳೆ, ನೋಡಬೇಕು. ಹಿಂದೆ ಮತಪತ್ರಗಳನ್ನು ಬೆರೆಸಿ ಎಣಿಸುತ್ತಿದ್ದುದರಿಂದ ಊರಿನ ಒಲವು ತಿಳಿಯುತ್ತಿರಲಿಲ್ಲ. 2004ರಲ್ಲಿ ಎಲ್ಲೆಡೆ ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಅಂಕಿ ಬೇರೆಯಾಗಿ ಸಿಗತೊಡಗಿತು. 2014ರಲ್ಲಿ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ ಬಿಜೆಪಿಯ ರಮೇಶ ಕತ್ತಿಯವರನ್ನು ಸೋಲಿಸಿದ್ದು ಕೇವಲ 3,003 ಮತಗಳಿಂದ. ಅಷ್ಟು ಸಣ್ಣ ಅಂತರದಲ್ಲಿ ನಾಲ್ಕಾರು ದೊಡ್ಡ ಹಳ್ಳಿಗಳು ಒಟ್ಟಾಗಿ ಆಚೀಚೆ ವಾಲಿದರೂ ಫಲಿತಾಂಶ ತಿರುಗುತ್ತಿತ್ತು. ಹಾಳೆಯ ಮೇಲೆ ಊರಿನ ಹೆಸರನ್ನು ಬೆರಳಿಟ್ಟು ಓದುತ್ತಾ ಹೋದಾಗ ತಾಲೂಕಿನ ಲೆಕ್ಕ ಮುಚ್ಚಿಟ್ಟದ್ದೆಲ್ಲ ಎದ್ದು ಕಾಣುತ್ತದೆ: ಒಂದೇ ಗ್ರಾಮದ ಎರಡು ಮತಗಟ್ಟೆಗಳು ಎದುರುಬದುರಾಗಿ ನಿಂತಿರುತ್ತವೆ.

2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ 90,834 ಮತಗಳ ಅಂತರದಿಂದ ಗೆದ್ದರು. ಪರಿಶಿಷ್ಟ ಪಂಗಡದ ಯುವತಿ ಸಾಮಾನ್ಯ ಕ್ಷೇತ್ರದಿಂದ ಆರಿಸಿ ಬಂದದ್ದು ಸಣ್ಣ ಸಂಗತಿಯಲ್ಲ. ಇಲ್ಲಿಂದ ಗೆದ್ದ ಮಹಿಳೆ ಅವರೇ ಮೊದಲಿಗರೇನಲ್ಲ. 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ ಗೆದ್ದು ಕೇಂದ್ರದಲ್ಲಿ ಸಚಿವೆಯೂ ಆಗಿದ್ದರು. ಆದರೂ ಹೆಣ್ಣುಮಕ್ಕಳ ನೆನಪು ನನ್ನ ಟಿಪ್ಪಣಿಗಳಲ್ಲಿ ಇನ್ನೂ ಕಡಿಮೆ. ಕಟ್ಟೆಯ ಮೇಲೆ ಸಿಗುವವರು ಗಂಡಸರೇ. ಈಗ ಸ್ವಸಹಾಯ ಸಂಘಗಳ ಸಭೆಗಳಿಗೆ ಹೋಗಿ, ಹಿರಿಯ ಅವ್ವಂದಿರಿಗೂ ಅದೇ ಚಿಹ್ನೆಗಳ ಪ್ರಶ್ನೆ ಕೇಳುತ್ತಿದ್ದೇನೆ.