ಮೈನ್‌ಕ್ರಾಫ್ಟ್‌ನಲ್ಲಿ ಎಂಟು ಬೈಟ್ ಮೆಮೊರಿ ಕಟ್ಟಿದ್ದು

ತುಮಕೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಗುಬ್ಬಿ, ಶಿರಾ ಕಡೆಯಿಂದ ಬಸ್ಸಲ್ಲಿ ಬರುವವರೇ ಜಾಸ್ತಿ. ಒಂದು ಬಿಟ್, ಅಂದರೆ ಒಂದು 0 ಅಥವಾ 1, ಹಿಡಿದಿಡುವ ಲ್ಯಾಚ್ ಅವರಿಗೆ ಬೇಗ ಅರ್ಥವಾಗುತ್ತದೆ. ಅಂಥ 64 ಸೇರಿ ಮೆಮೊರಿ ಆಗುವುದು ಹೇಗೆ ಅನ್ನುವಲ್ಲಿ ತೊಡಕು. ವೈರ್ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡ್ ಮೇಲೆ ತೋರಿಸೋಣ ಅಂದರೆ, 7475 ಅನ್ನುವ ಒಂದು ಐಸಿಯಲ್ಲಿ (ಚಿಪ್ಪಿನಲ್ಲಿ) ನಾಲ್ಕೇ ಲ್ಯಾಚ್. ಬೆಂಗಳೂರಿನ ಎಸ್‌ಪಿ ರೋಡಿನಿಂದ 16 ಐಸಿ ತರಬಹುದು, ಆದರೆ ಆ ವೈರುಗಳ ಗೋಜಲಲ್ಲಿ ಮಕ್ಕಳಿಗೆ ಏನು ಕಾಣುತ್ತದೆ? ಅದಕ್ಕೇ ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಕಟ್ಟಿದೆ. ಎಂಟು ಸಾಲು, ಸಾಲಿಗೆ ಎಂಟು ಬಿಟ್, ಅಂದರೆ ಒಂದು ಬೈಟ್. ಅಲ್ಲಿ ಸರ್ಕ್ಯೂಟಿನ ಒಳಗೇ ನಡೆದಾಡಬಹುದು.

ಆಟದಲ್ಲಿ ಕರೆಂಟಿನ ಕೆಲಸ ಮಾಡುವುದು ರೆಡ್‌ಸ್ಟೋನ್. ಅದರ ಪುಡಿ, ಅಂದರೆ ಡಸ್ಟ್, ವೈರಿನ ಹಾಗೆ. ಟಾರ್ಚ್ ಸಿಗ್ನಲನ್ನು ತಿರುಗಿಸುತ್ತದೆ: ಕರೆಂಟ್ ಬಂದರೆ ಆರುತ್ತದೆ, ಬರದಿದ್ದರೆ ಹೊತ್ತಿರುತ್ತದೆ. ರಿಪೀಟರ್ ಸಿಗ್ನಲಿಗೆ ಮತ್ತೆ ಬಲ ಕೊಟ್ಟು ಒಂದೇ ದಿಕ್ಕಿಗೆ ಕಳಿಸುತ್ತದೆ. ಎರಡು ರೆಡ್‌ಸ್ಟೋನ್ ಟಾರ್ಚ್ ಇಟ್ಟು ನಾರ್ ಲ್ಯಾಚ್ ಅನ್ನುವ ಒಂದು ಬಗೆಯ ಲ್ಯಾಚ್ ಮಾಡಬಹುದು. ನಾನು ಆರಿಸಿಕೊಂಡದ್ದು ರಿಪೀಟರ್ ಲಾಕ್. ಇದು ಆಟಕ್ಕೆ ಬಂದದ್ದು 2012ರಲ್ಲಿ. ಒಂದು ರಿಪೀಟರಿನ ಮಗ್ಗುಲಿಗೆ ಇನ್ನೊಂದನ್ನು ಮುಖ ಮಾಡಿ ಇಡಬೇಕು. ಮಗ್ಗುಲಿನದಕ್ಕೆ ಕರೆಂಟ್ ಬಂದರೆ ಮೊದಲನೆಯದು ಚಿಲಕ ಹಾಕಿಕೊಂಡ ಹಾಗೆ, ಇದ್ದಂತೆಯೇ ನಿಲ್ಲುತ್ತದೆ. ಕರೆಂಟ್ ಹೋದರೆ ಹೊಸ ಡೇಟಾ ಒಳಗೆ ಬರುತ್ತದೆ. ಎರಡೇ ರಿಪೀಟರಿಗೆ ಒಂದು ಬಿಟ್!

ಬಿಟ್ ಇಟ್ಟುಕೊಳ್ಳುವುದು ಸುಲಭ. ಉಳಿದವನ್ನು ಅಲುಗಿಸದೆ ಬೇಕಾದ ಸಾಲಿಗೆ ಮಾತ್ರ ಬರೆಯುವುದೇ ನಿಜವಾದ ಕೆಲಸ. ಯಾವ ಸಾಲು ಬೇಕೆಂದು ಹೇಳುವ ಅಡ್ರೆಸ್ ಲೈನ್ ಎಂಟು ಸಾಲಿಗೆ ಮೂರು ಸಾಕು, 000ದಿಂದ 111ರವರೆಗೆ ಎಂಟು ಅಡ್ರೆಸ್ ಆಗುತ್ತವೆ. ಪ್ರತಿಯೊಂದನ್ನೂ ಟಾರ್ಚಿನಿಂದ ತಿರುಗಿಸಿ ಇನ್ನೊಂದು ಲೈನ್ ತೆಗೆದೆ. ಒಟ್ಟು ಆರು. ಒಂದು ಸಾಲಿನ ಅಡ್ರೆಸ್ ಬಂದಾಗ ಯಾವ ಮೂರು ಲೈನ್ ಆರಿರುತ್ತವೋ ಅವನ್ನೇ ಆ ಸಾಲಿಗೆ ಕೊಟ್ಟೆ. 101 ಅನ್ನುವ ಸಾಲಿಗೆ ಮೊದಲನೆಯದರ ಮತ್ತು ಕೊನೆಯದರ ತಿರುವು, ನಡುವಿನದು ನೇರ. ಆಗ ಆಯ್ದ ಸಾಲಲ್ಲಿ ಕರೆಂಟ್ ಇರುವುದಿಲ್ಲ, ಉಳಿದ ಏಳರಲ್ಲೂ ಇರುತ್ತದೆ. ಕರೆಂಟ್ ಇದ್ದರೆ ಲಾಕ್. ನಮಗೆ ಬೇಕಿದ್ದದ್ದೂ ಅದೇ ಅಲ್ವಾ? ಬರೆಯುವ ಬಟನ್ನಿನ ಲೈನನ್ನೂ ತಿರುಗಿಸಿ ಎಲ್ಲ ಸಾಲಿಗೂ ಸೇರಿಸಿದೆ. ಬಟನ್ ಒತ್ತದ ಹೊರತು ಯಾವ ಸಾಲೂ ತೆರೆಯುವುದಿಲ್ಲ. ಈ ಭಾಗ ನನಗೆ ತುಂಬಾ ಇಷ್ಟ. ಬೇರೆ ಗೇಟೇ ಬೇಡ, ಡಸ್ಟ್ ಕೂಡಿದ ಕಡೆ ತಾನಾಗಿಯೇ ಆರ್ ಗೇಟ್, ಅಂದರೆ ಬರುವ ಲೈನುಗಳಲ್ಲಿ ಯಾವುದಾದರೂ ಒಂದರಲ್ಲಿ ಕರೆಂಟ್ ಇದ್ದರೂ ಮುಂದಕ್ಕೆ ಕರೆಂಟ್ ಹೋಗುತ್ತದೆ. ಆದರೆ ಪ್ರತಿ ಕೂಡುವ ಜಾಗಕ್ಕೂ ಒಂದು ರಿಪೀಟರ್ ಬೇಕೇ ಬೇಕು, ಇಲ್ಲದಿದ್ದರೆ ಕರೆಂಟ್ ಹಿಂದಕ್ಕೆ ನುಗ್ಗಿ ಅಡ್ರೆಸ್ ಲೈನೇ ಕೆಡುತ್ತದೆ. ಡಸ್ಟಿನಲ್ಲಿ ಸಿಗ್ನಲ್ ಸಾಗುವುದು 15 ಬ್ಲಾಕ್ ಮಾತ್ರ. ಉದ್ದ ಲೈನಿನ ನಡುವೆಯೂ ರಿಪೀಟರ್ ಇಡಬೇಕು.

ಓದುವುದಕ್ಕೆ, ಬಿಟ್ಟನ್ನು ತಿರುಗಿಸಿ, ಅದಕ್ಕೆ ಅಡ್ರೆಸ್ ಭಾಗದ ಕರೆಂಟ್ ಮಾತ್ರ (ಬಟನ್ನಿನದು ಬೇಡ) ಸೇರಿಸಿ, ಮತ್ತೆ ತಿರುಗಿಸಿದರೆ ಆಯ್ದ ಸಾಲು ಮಾತ್ರ ಹೊರಗೆ ಕಾಣುತ್ತದೆ.

ಮಕ್ಕಳಿಗೆ ಒಂದು ಕ್ರಮ ಹಾಕಿಕೊಟ್ಟಿದ್ದೇನೆ. ಮೊದಲು ಅಡ್ರೆಸ್, ಆಮೇಲೆ ಡೇಟಾ, ಕೊನೆಗೆ ಬಟನ್. ಕಲ್ಲಿನ ಬಟನ್ ಒಂದು ಸೆಕೆಂಡ್ ಒತ್ತಿಕೊಂಡಿರುತ್ತದೆ. ಅಷ್ಟು ಹೊತ್ತು ಅಡ್ರೆಸ್, ಡೇಟಾ ಹಾಕುವ ಲಿವರ್ ಮುಟ್ಟಬಾರದು. ಅಡ್ರೆಸ್ ಬದಲಾದರೆ ಇನ್ನೊಂದು ಸಾಲು ತೆರೆದು ಅಲ್ಲಿದ್ದದ್ದು ಅಳಿಸಿಹೋಗುತ್ತದೆ. ನಾಲ್ಕನೇ ಅಡ್ರೆಸ್ ಲೈನ್ ಹಾಕಿದರೆ ಸಾಲು 16 ಆಗುತ್ತದೆ. ಮುಂದಿನ ಸೆಮಿಸ್ಟರಿನಲ್ಲಿ ಅದನ್ನು ಮಕ್ಕಳ ಕೈಯಲ್ಲೇ ಕಟ್ಟಿಸುತ್ತೇನೆ.